ತಾಗಿದುದೆಲ್ಲ ಬೆಸೆದುದಲ್ಲ

ನಮ್ಮ ಮನೆಯ ಹಳೆಯ ಅಲ್ಯುಮಿನಿಯಂ ಪಾತ್ರೆಯೊಂದು ಅಂಚಿನಲ್ಲಿ ಬಿರಿದಾಗ ಅದನ್ನು ಬೆಸುಗೆಗೆ ಕೊಟ್ಟೆವು; ಬಿರುಕಿದ್ದಲ್ಲಿ ತೂತಾಗಿ ಹಿಂದಿರುಗಿತು. ನಾವು ಗೊಣಗುತ್ತಿದ್ದುದನ್ನು ಕೇಳಿ, ನಡುಗೋಡೆಯಾಚೆ ವಾಸವಾಗಿರುವ ನಮ್ಮ ತಮ್ಮನ ಮಗನು ಬಂದು ನಕ್ಕನು. ಅವನು ಬೆಂಗಳೂರಿನ ಕಾರ್ಖಾನೆಯೊಂದರಲ್ಲಿ ಬೆಸುಗೆಯ ಕೆಲಸದವನು.

"ತಪ್ಪು ಬೆಸುಗೆಯವನದಲ್ಲ, ದೊಡ್ಡಪ್ಪ. ಕಬ್ಬಿಣದಂತೆ ಈ ಲೋಹ ಕರಗುವ ಮುನ್ನ ಕೆಂಪಾಗಿ ಎಚ್ಚರಿಸುವುದಿಲ್ಲ. ನಾವು ಕರಗಿಸದೆಯೇ ಬೆಸೆಯುತ್ತೇವೆ" ಎಂದನು.

ಕರಗಿಸದೆ ಬೆಸೆಯುವುದೆಂತು? ಅವನು ತಿಳಿಸಿದುದನ್ನು ವಾಚಕರಿಗೂ ಅರುಹುವೆವು. ೧೯೯೧ನೆಯ ಇಸವಿಯಲ್ಲಿ ಇಂಗ್ಲೆಂಡಿನ ಕೇಂಬ್ರಿಜ್ ಬಳಿಯ ಬೆಸುಗೆಯ ಸಂಶೋಧನಾಲಯದಲ್ಲಿ ವೇನ್ ಥಾಮಸ್ ಎಂಬವರೂ ಅವರ ಸಹೋದ್ಯೋಗಿಗಳೂ ಈ ಘರ್ಷಣೆಯ ಬೆಸುಗೆಯನ್ನು ಕಂಡುಹಿಡಿದರು. ಎರಡು ಹಲಗೆಗಳನ್ನು ಅಂಚಿಗೆ ಅಂಚು ಸೇರಿಸಿ ಬಿಗಿದು, ಮೊಳೆಯಂತಹ ಗಟ್ಟಿ ಉಪಕರಣವನ್ನು ಗರಗರನೆ ತಿರುಗಿಸುತ್ತ ಸಂದಿನಲ್ಲಿ ಇಳಿಸುವರು. ಉಜ್ಜುವಿಕೆಯ ಶಾಖದಿಂದ ಲೋಹವು ಕಣಕದಂತೆ ಮೆತ್ತಗಾಗುವುದು, ಆದರೆ ಕರಗದು. ಶುದ್ಧ ಅಲ್ಯುಮಿನಿಯಂ ಕರಗಲು ೬೬೦ ಡಿಗ್ರಿ ಸೆಂಟಿಗ್ರೇಡ್ ಬೇಕಷ್ಟೆ. ಮೊಳೆಯು ಮುಂದೆ ಸಾಗಿದಂತೆ ಎರಡು ಬದಿಯ ಲೋಹವೂ ಕಲಸಿ ಒಂದಾಗುವುದು.

ವಿದ್ಯುತ್ ಉಪಕರಣಗಳನ್ನು ತಂಪಾಗಿಡಲು ಒಳಗೆ ನೀರು ಹರಿಯುವ ಫಲಕಗಳುಂಟು. ಅವುಗಳ ಮುಚ್ಚಳವನ್ನು ಬೆಸೆಯುವುದು ನಮ್ಮ ಹುಡುಗನ ಕೆಲಸ. ನೀರು ಸೋರಿದರೆ ಉಪಕರಣವೇ ಹಾಳು. ಕಳೆದ ಮಳೆಗಾಲದಲ್ಲಿ, ನುಣುಪಾಗಿ ಹೊಳೆಯುತ್ತಿದ್ದ ಫಲಕವೊಂದನ್ನು ಅವನು ಪರೀಕ್ಷೆಗೆಂದು ಕತ್ತರಿಸಿ ಬಗ್ಗಿಸಲು, ಬೆಸುಗೆಯ ತಳವು ಬಿರಿಯಿತು. ಮೊಳೆಯು ಕೂದಲೆಳೆಯಷ್ಟು ಕಡಿಮೆ ಇಳಿದಿತ್ತು. ತಳದಲ್ಲಿ ಅಂಚುಗಳು ತಾಗಿದ್ದುವೇ ಹೊರತು ಕೂಡಿರಲಿಲ್ಲ. ಇಂತಹ ದೋಷವು ಮೇಲಿನಿಂದ ಕಣ್ಣಿಗೆ ಬೀಳದು.

ಅವನು ಅಷ್ಟೂ ಫಲಕಗಳನ್ನು ತಡೆಹಿಡಿದನು. ಕೊಡುವ ದಿನ ಮೀರಿತು, ಮೇಲಧಿಕಾರಿಗಳು ಬೈದರು, ಕೆಲಸ ಹೋದೀತೆಂದು ತಾಯಿಯು ಕೊರಗಿದಳು. "ಚೆನ್ನಾಗಿ ಕಾಣುತ್ತಿದ್ದುದನ್ನು ಕತ್ತರಿಸಿದುದೇಕಯ್ಯ?" ಎಂದು ನಾವೂ ಕೇಳಿದೆವು.

"ಬೈಗುಳ ಒಂದು ದಿನದ್ದು, ದೊಡ್ಡಪ್ಪ. ಸುಳ್ಳು ಬೆಸುಗೆಗೆ ರುಜು ಹಾಕಿದರೆ ಮತ್ತೆ ನಿದ್ದೆ ಬಂದೀತೆ?"

ಆಮೇಲೆ ಮೊಳೆಯ ಉದ್ದವನ್ನು ತಿದ್ದಿದರು. ಹಲಗೆಗಳ ಬಿಗಿತವನ್ನು ಸರಿಪಡಿಸಿದರು. ಒತ್ತುವ ಬಲವನ್ನು ಅಳೆದು ತಾನೇ ಹದಕ್ಕೆ ತರುವ ಏರ್ಪಾಡನ್ನು ಯಂತ್ರಕ್ಕೆ ಅಳವಡಿಸಿದರು. ಹುಡುಗನ ಕೆಲಸವೂ ಉಳಿಯಿತು.

ಅವನು ಹೋದ ಮೇಲೆ ನಮಗೆ ನಡುಗೋಡೆಯ ನೆನಪಾಯಿತು. ತಂದೆಯವರ ಮನೆಯನ್ನು ಪಾಲುಮಾಡಿಕೊಂಡಂದಿನಿಂದ ನಾವೂ ತಮ್ಮನೂ ಅಂಚಿಗೆ ಅಂಚು ತಾಗಿಯೇ ಇದ್ದೇವೆ; ಹಬ್ಬಕ್ಕೆ ಎಲೆ ಹಾಕಿದಾಗ ನಗುನಗುತ್ತ ಕುಳಿತದ್ದೂ ಉಂಟು. ಆದರೆ ಒಬ್ಬರ ಕಷ್ಟವನ್ನು ಇನ್ನೊಬ್ಬರು ಕೇಳಿದ್ದಿಲ್ಲ. ತೂತಾದ ಪಾತ್ರೆಯನ್ನು ಅಟ್ಟಕ್ಕೆ ಹಾಕಿ, ಅಂದು ಸಂಜೆ ನಾವು ತಮ್ಮನ ಬಾಗಿಲು ತಟ್ಟಿದೆವು.