ಅಟ್ಟದಿಂದ ಇಳಿದ ಇತಿಹಾಸ

ಸಾಗರದವರೆಗೆ ಹೋದವರು ಜೋಗವನ್ನು ನೋಡದೆ ಹಿಂದಿರುಗುವುದು ಅಪರೂಪ. ಜೋಗವನ್ನು ನೋಡಿದವರು ಕೆಳದಿಗೆ ಹೋಗುವುದು ಅದಕ್ಕಿಂತಲೂ ಅಪರೂಪ. ನಾವೂ ಈ ಬಹುಸಂಖ್ಯಾತರ ಗುಂಪಿಗೇ ಸೇರಿಬಿಡುತ್ತಿದ್ದೆವು. ತಾಳಗುಪ್ಪದ ರಾತ್ರಿ ಗಾಡಿಯಿಂದ ಸಾಗರದ ಜಂಬಗಾರು ನಿಲ್ದಾಣದಲ್ಲಿಳಿದು, ಬಿಸಿಬಿಸಿ ಕಾಫಿ ಕುಡಿಯುತ್ತಿದ್ದಾಗ ಮಗಳು ಕೇಳಿದ ಪ್ರಶ್ನೆಯೇ ನಮ್ಮನ್ನು ಆ ದಾರಿಗೆ ಹಚ್ಚಿತು.

“ಅಪ್ಪಾ, ಚೆನ್ನಮ್ಮನ ಊರು ಇಲ್ಲಿಯೇ ಹತ್ತಿರ ಅಲ್ಲವೆ?”

“ಕಿತ್ತೂರು ಇಲ್ಲೆಲ್ಲಿ ಬಂತು? ಅದು ಬೆಳಗಾವಿಯ ಕಡೆ,” ಎಂದೆ, ತಿಳಿದವನ ಗತ್ತಿನಿಂದ.

ನನ್ನಾಕೆ ಲೋಟದ ಮರೆಯಲ್ಲಿ ನಕ್ಕಳು. “ಅವಳು ಕೇಳುತ್ತಿರುವುದು ಕೆಳದಿಯ ಚೆನ್ನಮ್ಮನನ್ನು. ಇಬ್ಬರಿಗೂ ನೂರು ವರ್ಷಕ್ಕೂ ಮೀರಿದ ಅಂತರವಿದೆ,” ಎಂದಳು. ತಲೆಯೊಳಗಿನ ಇತಿಹಾಸ ಎಷ್ಟು ತೆಳ್ಳಗಿದೆಯೆಂಬುದು ಹೆಂಡತಿ ಮಕ್ಕಳೆದುರಿಗೆ ಬಯಲಾದ ಮೇಲೆ ಕೆಳದಿಗೆ ಹೋಗದೆ ಬೇರೆ ದಾರಿಯಿರಲಿಲ್ಲ. ಜೋಗ ಮಧ್ಯಾಹ್ನದವರೆಗೆ ಕಾಯಲಿ ಎಂದು ಆಟೋ ಹತ್ತಿದೆವು.

ಸಾಗರದಿಂದ ಕೆಳದಿಗೆ ಏಳೆಂಟು ಕಿಲೋಮೀಟರು. ಅಡಿಕೆಯ ತೋಟ, ಗದ್ದೆ, ನಡುವೆ ಒಂದೊಂದು ಹೆಂಚಿನ ಮನೆ. ಇದ್ದಕ್ಕಿದ್ದಂತೆ ಒಂದು ದೇವಾಲಯದ ಅಂಗಳ. ಇಷ್ಟು ಸಣ್ಣ ಹಳ್ಳಿಯಿಂದಲೇ 1499ರ ಸುಮಾರಿನಲ್ಲಿ ಒಂದು ಅರಸುಮನೆತನ ಹೊರಟು, ಕೆಳದಿಯಿಂದ ಇಕ್ಕೇರಿಗೆ, ಇಕ್ಕೇರಿಯಿಂದ ಬಿದನೂರಿಗೆ ರಾಜಧಾನಿಯನ್ನು ಬದಲಿಸುತ್ತ, 1763ರಲ್ಲಿ ಹೈದರಾಲಿ ಬಿದನೂರನ್ನು ಹಿಡಿಯುವವರೆಗೆ ಮಲೆನಾಡನ್ನೂ ಕರಾವಳಿಯ ಬಹುಭಾಗವನ್ನೂ ಆಳಿತೆಂದರೆ ನಂಬುವುದು ಕಷ್ಟ.

ಅಂಗಳದಲ್ಲಿ ರಾಮೇಶ್ವರ, ವೀರಭದ್ರ, ಪಾರ್ವತಿಯರ ಗುಡಿಗಳು ಒಂದರ ಪಕ್ಕದಲ್ಲೊಂದು ನಿಂತಿವೆ. ವೀರಭದ್ರನ ಗುಡಿಯ ಒಳಛಾವಣಿಯಲ್ಲಿ ಗಂಡಭೇರುಂಡವೊಂದು ರೆಕ್ಕೆ ಬಿಚ್ಚಿದೆ. ಪಾರ್ವತಿಯ ಗುಡಿಯಲ್ಲಿ ಮೇಲೆ ನೋಡಿದರೆ ಕಲ್ಲಲ್ಲ, ಮರದ ಕೆತ್ತನೆ. ಗಂಧದ ಕೆತ್ತನೆಗೆ ಹೆಸರಾದ ಸಾಗರದ ಗುಡಿಗಾರರನ್ನು ಅದು ನೆನಪಿಗೆ ತರುತ್ತದೆ.

ಕಟ್ಟೆಯ ಮೇಲೆ ಕುಳಿತಿದ್ದ ವೃದ್ಧರೊಬ್ಬರು, “ಯಾವ ಊರಾಯ್ತು ನಿಮ್ಮದು?” ಎಂದು ವಿಚಾರಿಸಿ, ಬೆಂಗಳೂರೆಂದು ತಿಳಿದೊಡನೆ ನಮ್ಮ ಭಾರವನ್ನು ತಾವೇ ವಹಿಸಿಕೊಂಡರು. ಕಂಬದ ಬಳಿ ಕರೆದೊಯ್ದು, “ನೋಡು ಮಗಾ, ಇವಳೇ ಚೆನ್ನಮ್ಮಾಜಿ. ಎದುರಿಗಿರುವವನು ಶಿವಾಜಿಯ ಮಗ ರಾಜಾರಾಮ,” ಎಂದು ಮಗಳಿಗೆ ಒಂದು ಕೆತ್ತನೆಯನ್ನು ತೋರಿಸಿದರು. 1689ರಲ್ಲಿ ಸಂಭಾಜಿಯ ಕೊಲೆಯಾದ ಮೇಲೆ, ಜಿಂಜಿಯ ಕಡೆಗೆ ತಲೆಮರೆಸಿಕೊಂಡು ಹೊರಟ ರಾಜಾರಾಮನಿಗೆ ತನ್ನ ನಾಡಿನಲ್ಲಿ ಆಶ್ರಯವಿತ್ತು, ಅದಕ್ಕಾಗಿ ಔರಂಗಜೇಬನ ಸೈನ್ಯವನ್ನೂ ಎದುರಿಸಿದವಳು ಈ ರಾಣಿ.

ವೃದ್ಧರು ಅಷ್ಟಕ್ಕೇ ಬಿಡಲಿಲ್ಲ. ಹುತ್ತಕ್ಕೆ ಹಾಲು ಕರೆಯುತ್ತಿದ್ದ ಹಸು, ಹುತ್ತದೊಳಗೆ ದೊರೆತ ಲಿಂಗ, ಚೌಡಪ್ಪ ಭದ್ರಪ್ಪರೆಂಬ ಅಣ್ಣತಮ್ಮಂದಿರಿಗೆ ಸಿಕ್ಕ ನಿಧಿ, ಆ ನಿಧಿಗಾಗಿ ತಾವಾಗಿಯೇ ಬಲಿಯಾದ ಯಾದವ ಮುರಾರಿಯರೆಂಬ ಇಬ್ಬರು ಆಳುಗಳು - ಎಲ್ಲವನ್ನೂ ನಿನ್ನೆ ಮೊನ್ನೆ ನಡೆದಂತೆ ಹೇಳಿದರು. ಕೆಳದಿಯ ಅರಸರ ಬಿರುದುಗಳಲ್ಲಿ ‘ಯಾದವಮುರಾರಿ’ ಎಂಬುದೂ ಒಂದು. ಅದು ಆ ಇಬ್ಬರು ಆಳುಗಳ ಹೆಸರೇ ಎಂದು ಕಥೆ ಹೇಳುತ್ತದೆ. ಅರಸನ ಹೆಸರಿನ ಹಿಂದೆ ಆಳಿನ ಹೆಸರು! ಕಥೆಯೆಂದರೂ ಮನಸ್ಸಿಗೆ ನಾಟುವಂಥದು.

“ಇದೆಲ್ಲ ಕಲ್ಲಿನಲ್ಲಿದೆ, ಬಾಯಲ್ಲಿದೆ. ಎಲೆಯಲ್ಲಿರುವುದನ್ನು ನೋಡಬೇಕಾದರೆ ಸಂಗ್ರಹಾಲಯಕ್ಕೆ ಹೋಗಿ,” ಎಂದು ವೃದ್ಧರು ಕೈ ತೋರಿಸಿದರು.

ಕೆಳದಿಯ ವಸ್ತುಸಂಗ್ರಹಾಲಯ ಮೈಸೂರಿನ ಅರಮನೆಯಂತೆ ಕಣ್ಣು ಕೋರೈಸುವ ಸ್ಥಳವಲ್ಲ. ನಾಣ್ಯಗಳು, ತಾಮ್ರದ ಶಾಸನಗಳು, ವಿಗ್ರಹಗಳು, ಲಿಂಗಣ್ಣಯ್ಯ ಎಂಬ ಕಲಾವಿದರ ಚಿತ್ರಗಳು, ಎಲ್ಲಕ್ಕಿಂತ ಹೆಚ್ಚಾಗಿ ತಾಳೆಯ ಓಲೆಗಳು ಮತ್ತು ಹಳೆಯ ಕಾಗದಗಳು. ಇದರ ಹಿಂದೆ ಕೆಳದಿ ಗುಂಡಾ ಜೋಯಿಸರೆಂಬ ವಿದ್ವಾಂಸರ ಒಂದು ಜೀವಮಾನವೇ ಇದೆ. 1931ರಲ್ಲಿ ಹುಟ್ಟಿ 2022ರಲ್ಲಿ ತೀರಿಕೊಂಡ ಜೋಯಿಸರು ತಮ್ಮ ಊರಿನ ಇತಿಹಾಸವನ್ನೇ ಬಾಳಿನ ಕೆಲಸವೆಂದು ಹಚ್ಚಿಕೊಂಡವರು. ಮೋಡಿ, ತಿಗಳಾರಿ ಲಿಪಿಗಳನ್ನು ಬಲ್ಲವರು. ಊರಿನ ಕೆಲವರ ಶ್ರದ್ಧೆಯಿಂದ ಬೆಳೆದ ಆ ಸಂಗ್ರಹ ಮುಂದೆ ಕುವೆಂಪು ವಿಶ್ವವಿದ್ಯಾಲಯದ ಆಶ್ರಯಕ್ಕೆ ಬಂದಿತು.

ಅರಸರ ಇತಿಹಾಸಕ್ಕೆ ಕವಿಗಳಿದ್ದಾರೆ. ಕೆಳದಿಯವರ ಕಥೆಯನ್ನು ಲಿಂಗಣ್ಣ ಕವಿ ‘ಕೆಳದಿನೃಪವಿಜಯ’ವೆಂಬ ಚಂಪುವಿನಲ್ಲಿ ಬರೆದಿಟ್ಟ. ಆ ವಂಶದ ಬಸವಪ್ಪ ನಾಯಕನಂತೂ ತಾನೇ ‘ಶಿವತತ್ತ್ವರತ್ನಾಕರ’ವೆಂಬ ಸಂಸ್ಕೃತ ವಿಶ್ವಕೋಶವನ್ನು ರಚಿಸಿದ. ಆದರೆ ಊರಿನ ಇತಿಹಾಸಕ್ಕೆ ಕವಿಯಿಲ್ಲ. ಶಿಸ್ತಿನ ಶಿವಪ್ಪ ನಾಯಕನ ಹೆಸರನ್ನು ಯಾರು ಕೇಳಿಲ್ಲ? 1645ರಿಂದ 1660ರವರೆಗೆ ಆಳಿದ ಆತ ನೆಲವನ್ನು ಅದರ ಗುಣಕ್ಕೆ ತಕ್ಕಂತೆ ವಿಂಗಡಿಸಿ, ಬೆಳೆಯ ಲೆಕ್ಕ ನೋಡಿ ಕಂದಾಯ ಕಟ್ಟಿದ. ಆ ಕಂದಾಯಕ್ಕೇ ‘ಶಿಸ್ತು’ ಎಂದು ಹೆಸರು. ಅಷ್ಟು ದೊಡ್ಡ ವ್ಯವಸ್ಥೆಯ ಕೀರ್ತಿ ಪಠ್ಯಪುಸ್ತಕದಲ್ಲಿದೆ. ಆದರೆ ಇಂಥ ಊರಿನ ಇಂಥ ರೈತ ಇಷ್ಟು ಅಡಿಕೆಯ ಮರಕ್ಕೆ ಎಷ್ಟು ತೆತ್ತ, ಯಾವ ವರ್ಷ ತೆರಲಾರದೆ ಹೋದ, ಯಾರ ಬಳಿ ಸಾಲ ಮಾಡಿದ ಎಂಬುದು ಎಲ್ಲಿರಬೇಕು? ಮನೆಯ ಅಟ್ಟದ ಮೇಲೆ, ಗಂಟು ಕಟ್ಟಿದ ಕಡತದಲ್ಲಿ.

ಕಡತವೆಂದರೆ ಇಂದು ಕಚೇರಿಯ ಫೈಲು. ಹಿಂದೆ ಅದು ಬಟ್ಟೆ. ಹುಣಿಸೆಬೀಜದ ಅಂಟಿನಲ್ಲಿ ಇದ್ದಿಲಿನ ಪುಡಿ ಕಲಸಿ ಬಟ್ಟೆಗೆ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚಿ, ಬಳಪದಿಂದ ಬರೆಯುತ್ತಿದ್ದರು. ಕಪ್ಪು ಬಟ್ಟೆ, ಬಿಳಿಯ ಅಕ್ಷರ. ಅಂಥ ಮಡಿಕೆಯೊಂದನ್ನು ಕಂಡು ಮಗಳು, “ಸ್ಲೇಟಿನ ಪುಸ್ತಕ!” ಎಂದು ಕೂಗಿದಳು. ಮರುಕ್ಷಣವೇ ನನ್ನ ಕಡೆ ತಿರುಗಿ, “ನಮ್ಮ ಅಜ್ಜನ ಮನೆಯಲ್ಲಿ ಇಂಥದು ಇತ್ತೇ, ಅಪ್ಪಾ?” ಎಂದು ಕೇಳಿದಳು.

ಇತ್ತು. ನಾನು ಹದಿಮೂರು ವರ್ಷದ ಹುಡುಗನಾಗಿದ್ದಾಗ ತೀರ್ಥಹಳ್ಳಿಯ ಕಡೆಯ ನಮ್ಮ ಹಳೆಯ ಮನೆಯ ಮಾಡು ತೆಗೆಸಿದರು. ಅಟ್ಟದಿಂದ ಇಂಥ ಏಳೆಂಟು ಕಡತಗಳೂ ಕೆಂಪು ಬಟ್ಟೆಯಲ್ಲಿ ಸುತ್ತಿದ ಓಲೆಯ ಕಟ್ಟುಗಳೂ ಇಳಿದುವು. ಓದಬಲ್ಲವರು ಮನೆಯಲ್ಲಿ ಯಾರೂ ಇರಲಿಲ್ಲ. ಅಕ್ಷರವಿದ್ದುದನ್ನು ಸುಡಬಾರದು, ತುಳಿಯಬಾರದು ಎಂಬ ಭಕ್ತಿ ಮಾತ್ರ ಇತ್ತು. “ಹೊಳೆಗೆ ಬಿಟ್ಟು ಬಾ, ಪುಣ್ಯ ಬರುತ್ತದೆ,” ಎಂದರು ದೊಡ್ಡಪ್ಪ. ನಾನೇ ಬುಟ್ಟಿಯಲ್ಲಿ ಹೊತ್ತು ತುಂಗೆಗೆ ಬಿಟ್ಟೆ. ಓಲೆಗಳು ಸ್ವಲ್ಪ ದೂರ ತೇಲಿದುವು. ಕಡತಗಳು ನೀರು ಕುಡಿದು ಮುಳುಗಿದುವು. ಕೈಗೆ ಹತ್ತಿದ ಕರಿಯನ್ನು ಮರಳಿನಲ್ಲಿ ಉಜ್ಜಿ ತೊಳೆದುಕೊಂಡು, ಸಂತೋಷದಿಂದಲೇ ಮನೆಗೆ ಬಂದೆ.

ಮಗಳಿಗೆ ಇದನ್ನು ಹೇಳಿದೆ. ಅವಳು, “ಅದರಲ್ಲಿ ಏನು ಬರೆದಿತ್ತು?” ಎಂದಳು. ಆ ಪ್ರಶ್ನೆಗೆ ಇನ್ನು ಯಾರೂ ಉತ್ತರ ಕೊಡಲಾರರು. ಮದ್ದಿನ ಪುಸ್ತಕವಿದ್ದೀತು, ಗದ್ದೆಯ ವ್ಯಾಜ್ಯವಿದ್ದೀತು, ಯಾವಳೋ ಮುತ್ತಜ್ಜಿಯ ಮದುವೆಗೆ ತಂದ ಅಕ್ಕಿಯ ಲೆಕ್ಕವಿದ್ದೀತು. ಪೂಜ್ಯವೆಂದು ಹೊಳೆಗೆ ಬಿಟ್ಟ ಸಂಪತ್ತು, ಕಸವೆಂದು ಎಸೆದುದಕ್ಕಿಂತ ಕಡಿಮೆಯೇನೂ ಇರಲಾರದು. ಮಲೆನಾಡಿನಲ್ಲಿ ಮಳೆ, ಗೆದ್ದಲು, ಮನೆಯ ಹಿಸ್ಸೆ, ಹಳೆಯ ಕಾಗದದ ವ್ಯಾಪಾರಿ ಇವರೆಲ್ಲರ ಜೊತೆಗೆ ನಮ್ಮ ಭಕ್ತಿಯೂ ಸೇರಿಕೊಂಡಿದೆ.

ಕೆಳದಿಯಂಥ ಸಂಸ್ಥೆಯ ಬೆಲೆ ನನಗೆ ತಿಳಿದದ್ದು ಆಗಲೇ. ರಾಜಧಾನಿಯ ದೊಡ್ಡ ಗ್ರಂಥಾಲಯಗಳಿಗೆ ಹಳ್ಳಿಯವರು ಗಂಟು ಹೊತ್ತು ಹೋಗುವುದಿಲ್ಲ. ಅವರ ಮನೆಯ ಜಗುಲಿಯವರೆಗೆ ಬಂದು, ಅವರ ಮಾತಿನಲ್ಲೇ ವಿಚಾರಿಸಿ, “ಹೊಳೆಗೆ ಬಿಡಬೇಡಿ, ನಮಗೆ ತೋರಿಸಿ,” ಎನ್ನುವವರು ಆ ಸೀಮೆಯವರೇ ಆಗಿರಬೇಕು. ಸಂಗ್ರಹಿಸಿದರೂ ಸಾಲದು, ಓಲೆಗೆ ನಿಂಬೆಹುಲ್ಲಿನ ಎಣ್ಣೆ ಸವರಿ ಹುಳುವಿನಿಂದ ಕಾಯಬೇಕು, ಚಿತ್ರ ತೆಗೆದಿಡಬೇಕು, ಅದಕ್ಕಿಂತ ಮುಖ್ಯವಾಗಿ, ಓದುವವರನ್ನು ಬೆಳೆಸಬೇಕು. ಯಂತ್ರ ಓಲೆಯ ಚಿತ್ರವನ್ನು ಕ್ಷಣದಲ್ಲಿ ತೆಗೆದೀತು. ಆದರೆ ಮೋಡಿಯ ಕೊಂಡಿಯನ್ನೂ ತಿಗಳಾರಿಯ ತಿರುವನ್ನೂ ಬಿಡಿಸಬಲ್ಲ ಕಣ್ಣು ಒಂದು ತಲೆಮಾರಿನಲ್ಲಿ ಇಲ್ಲವಾದರೆ, ಕಪಾಟಿನಲ್ಲಿ ಉಳಿದ ಓಲೆಗೂ ನನ್ನ ಹೊಳೆಗೆ ಹೋದ ಓಲೆಗೂ ಹೆಚ್ಚಿನ ವ್ಯತ್ಯಾಸವಿರುವುದಿಲ್ಲ. ಜೋಯಿಸರಂಥ ಹಿರಿಯರು ನಮ್ಮ ಪಾಲಿಗೆ ಬಿಟ್ಟುಹೋದ ಆಸ್ತಿಯೂ ಅದೇ, ಸಾಲವೂ ಅದೇ.

ಹೊರಗೆ ಬಂದಾಗ ಬಿಸಿಲು ಏರಿತ್ತು. ಆಟೋದವನು ಜೋಗಕ್ಕೆ ಹೊತ್ತಾಯಿತೆಂದು ಅವಸರಪಡಿಸುತ್ತಿದ್ದ. ನನ್ನಾಕೆ ಮಾತ್ರ ದೇವಾಲಯದ ಕಟ್ಟೆಯ ಬಳಿ ನಿಂತು ಫೋನಿನಲ್ಲಿ ತನ್ನ ತಾಯಿಯೊಂದಿಗೆ ಮಾತನಾಡುತ್ತಿದ್ದಳು. ಅವಳ ತವರಿನಲ್ಲೂ ಮುಂದಿನ ತಿಂಗಳು ಮನೆಯ ರಿಪೇರಿಯಿತ್ತು.

“ಅಮ್ಮಾ, ಅಟ್ಟದ ಮೇಲೆ ಅಜ್ಜನ ತಗಡಿನ ಪೆಟ್ಟಿಗೆ ಇದೆಯಲ್ಲಾ, ಅದನ್ನು ನಾವು ಬರುವವರೆಗೆ ಯಾರೂ ಮುಟ್ಟುವುದು ಬೇಡ. ಇಲ್ಲಮ್ಮಾ, ಬೆಳ್ಳಿ ಬಂಗಾರ ಏನೂ ಇಲ್ಲ. ಕಾಗದವೇ. ಆದರೂ ಬೇಡ.”