ಅಂಕಿಗಳ ಕಂಠಹಾರ

ಒಂದರಿಂದ ಆರರವರೆಗೆ ಏರಿ ಮತ್ತೆ ಒಂದಕ್ಕೆ ಇಳಿಯುವ ಸಂಖ್ಯೆಯೊಂದಿದೆ: 12345654321. ನಮ್ಮ ಎಣಿಕೆಯಲ್ಲಿ ಸಾವಿರದ ಇನ್ನೂರ ಮೂವತ್ತನಾಲ್ಕು ಕೋಟಿಗೂ ಮಿಗಿಲು. ಕ್ರಿ.ಶ. 850ರ ಸುಮಾರಿಗೆ, ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಜೈನ ಗಣಿತಜ್ಞ ಮಹಾವೀರಾಚಾರ್ಯರು ತಮ್ಮ ‘ಗಣಿತಸಾರಸಂಗ್ರಹ’ದಲ್ಲಿ ಇದನ್ನು ಹೀಗೆಯೇ ಬಣ್ಣಿಸಿದ್ದಾರೆ. ಎರಡು ತುದಿಯಿಂದಲೂ ಒಂದೇ ಬಗೆಯಾಗಿ ಓದಿಸಿಕೊಳ್ಳುವ ಗುಣಲಬ್ಧಗಳೆಂದರೆ ಅವರಿಗೆ ಬಲು ಪ್ರೀತಿ. 142857143ನ್ನು 7ರಿಂದ ಗುಣಿಸಿ ನೋಡಿ: 1000000001. ಇಂಥ ಕೆಲವನ್ನು ಅವರು ಕಂಠಾಭರಣವೆಂದೇ ಕರೆದರು. ಜಪಸರ ಹಿಡಿದು ಬೆಳೆದ ನಮಗೆ ಆ ಹೆಸರು ಬೇಗ ಹಿಡಿಸುತ್ತದೆ.

ಈ ಸಂಖ್ಯೆಯನ್ನು ನಾನು ಬರೆದು ತೋರಿಸಿದ್ದು ನನ್ನ ತಂದೆಯವರಿಗೆ. ಕಳಸದ ಕಡೆಯ ಕಾಫಿತೋಟದಲ್ಲಿ ರೈಟರಾಗಿ ಚೆಕ್‌ರೋಲು ಬರೆದು, ವಾರದ ಬಟವಾಡೆ ಕೂಡಿಸಿ ಸವೆದ ಜೀವ. ಈಗ ಎಂಬತ್ತು ದಾಟಿದೆ, ಮರೆವಿನ ಕಾಯಿಲೆ. ಜಪಸರದ ಹತ್ತು ಮಣಿಗಳು ಏಳಕ್ಕೇ ಮುಗಿಯುತ್ತವೆ, ಇಲ್ಲವೇ ಹದಿಮೂರಕ್ಕೆ ಹೋಗುತ್ತವೆ. ನನ್ನನ್ನು ಒಮ್ಮೊಮ್ಮೆ ತೀರಿಹೋದ ಸೋದರತ್ತೆಯ ಹೆಸರಿನಿಂದ ಕರೆಯುತ್ತಾರೆ. ಆದರೆ ಅಂಕಿ ಕಂಡರೆ ಪೆನ್ಸಿಲು ಕೇಳುತ್ತಾರೆ.

ಅಂಕಿಗಳನ್ನೆಲ್ಲ ಕೂಡಿದರು: 36. “ಒಂಬತ್ತರಿಂದ ಹೋಗುತ್ತೆ ಮಗಾ” ಎಂದರು. ಹತ್ತು, ನೂರು, ಸಾವಿರ ಯಾವುದನ್ನು ಒಂಬತ್ತರಿಂದ ಭಾಗಿಸಿದರೂ ಒಂದೇ ಉಳಿಯುವುದರಿಂದ, ಅಂಕಿಗಳ ಮೊತ್ತಕ್ಕೆ ಸಂದದ್ದು ಇಡೀ ಸಂಖ್ಯೆಗೂ ಸಲ್ಲುತ್ತದೆ. ತೋಟದ ಲೆಕ್ಕ ತಾಳೆ ನೋಡಲು ಅವರಿಗೆ ರೂಢಿಯಾಗಿದ್ದ ಉಪಾಯವೇ ಇದು. ಬಳಿಕ ಒಂದು ಬಿಟ್ಟು ಒಂದು ಅಂಕಿಯನ್ನು ಕೂಡಿದರು. ಈ ಸಾಲು 18, ಆ ಸಾಲೂ 18. ಹಾಗಾಗಿ ಹನ್ನೊಂದರಿಂದಲೂ ನಿಶ್ಶೇಷ.

ಏಳು, ಹದಿಮೂರರ ಪರೀಕ್ಷೆಯನ್ನು ನಾನು ಹೇಳಿಕೊಟ್ಟೆ. ಬಲದಿಂದ ಮೂರು ಮೂರು ಅಂಕಿಗಳಾಗಿ ಬಿಡಿಸಬೇಕು: 12, 345, 654, 321. 321ಕ್ಕೆ 345 ಕೂಡಿದರೆ 666. 654ಕ್ಕೆ 12 ಕೂಡಿದರೂ 666. ವ್ಯತ್ಯಾಸ ಸೊನ್ನೆ, ಆದ್ದರಿಂದ 1001 ಇದನ್ನು ನಿಶ್ಶೇಷವಾಗಿ ಭಾಗಿಸುತ್ತದೆ, ಮತ್ತು 1001 ಎಂದರೆ 7, 11, 13ರ ಗುಣಲಬ್ಧ. 666 ಕಂಡದ್ದೇ ತಂದೆಯವರು ಶಿಲುಬೆಯ ಗುರುತು ಹಾಕಿಕೊಂಡರು! ಪ್ರಕಟನಾ ಗ್ರಂಥ ಅವರಿಗೆ ಮರೆತಿರಲಿಲ್ಲ. (ಸಂಖ್ಯೆಗಳಲ್ಲಿ ಶಕುನ ಹುಡುಕುವುದು ನನಗೆ ಒಗ್ಗದು.) ನಾನು ನಕ್ಕೆ, ಅವರೂ ನಕ್ಕರು. ಇಷ್ಟಕ್ಕೆಲ್ಲ ಮೂಲ, ಈ ಸಂಖ್ಯೆ 111111ರ ವರ್ಗವಾಗಿರುವುದು. 111111 ಎಂದರೆ 3, 7, 11, 13, 37ರ ಗುಣಲಬ್ಧ.

ಅಮೋಘವರ್ಷನ ಮಾನ್ಯಖೇಟ ಇಂದು ಕಲಬುರಗಿ ಜಿಲ್ಲೆಯ ಮಳಖೇಡ ಎಂಬ ಊರು, ಸಾಮ್ರಾಜ್ಯ ಹೋಯಿತು. ಈ ಸಂಖ್ಯೆಯ ಗುಣಗಳು ಮಾತ್ರ ಯಾರ ನೆನಪನ್ನೂ ಆಶ್ರಯಿಸದೆ ಇದ್ದಲ್ಲಿಯೇ ಇವೆ. ಮರೆತವರ ಪ್ರಾರ್ಥನೆ ದೇವರ ಲೆಕ್ಕಕ್ಕೆ ಸೇರುವುದೋ ಎಂದು ರಾತ್ರಿಗಳಲ್ಲಿ ಚಿಂತಿಸಿದ್ದೇನೆ. ನಮ್ಮ ತಲೆಗೂದಲನ್ನೂ ಎಣಿಸಿಟ್ಟಿರುವಾತನ ಬಳಿ ತಂದೆಯವರು ಇಡಿಯಾಗಿಯೇ ಇದ್ದಾರೆಂದು ನಂಬಲು ಈಗ ಸ್ವಲ್ಪ ಧೈರ್ಯ ಬಂದಿದೆ.

ಈಚೆಗೆ ಅವರು ಏಳರವರೆಗೆ ಏರುವ 1234567654321ನ್ನು ಹಿಡಿದು ಕುಳಿತಿದ್ದಾರೆ. ಅದು 1111111ರ ವರ್ಗ. ಮೂರು, ಏಳು, ಹನ್ನೊಂದು, ಹದಿಮೂರು, ಯಾವುದರಿಂದ ಭಾಗಿಸಿದರೂ ಒಂದು ಉಳಿಯುತ್ತದೆ. ಅದನ್ನು ಭಾಗಿಸುವ ಅತಿ ಚಿಕ್ಕ ಅವಿಭಾಜ್ಯ ಸಂಖ್ಯೆ 239. ನಾನಿನ್ನೂ ಹೇಳಿಲ್ಲ.