ಮೂರು ಊರು, ಮೂರು ಒಲೆ, ಒಂದು ಮ್ಯಾಕರೋನಿ

ಬೀದರ ಎಂದ ಕೂಡಲೇ ನಿಮ್ಮ ಕಣ್ಣ ಮುಂದೆ ಏನು ಬರುತ್ತದೆ? ಬಹಮನಿ ಸುಲ್ತಾನರ ಕೋಟೆ, 1472ರಲ್ಲಿ ಕಟ್ಟಿ ಮುಗಿಸಿದ ಮಹಮೂದ್ ಗವಾನನ ಮದರಸಾ, ಕಪ್ಪು ಲೋಹಕ್ಕೆ ಬೆಳ್ಳಿಯ ಎಳೆ ಕೂಡಿಸಿದ ಬಿದರಿ ಹೂಜಿ, ಗುರುದ್ವಾರದ ಝರಿಯ ನೀರು. ಇವನ್ನೆಲ್ಲ ನೋಡುವವರು ನೋಡುತ್ತಲೇ ಇದ್ದಾರೆ, ಬರೆಯುವವರು ಬರೆಯುತ್ತಲೇ ಇದ್ದಾರೆ. ನಾನು ಹೇಳಹೊರಟಿರುವುದು ನಮ್ಮ ಕಡೆಯ ಒಲೆಗಳ ಸುದ್ದಿ. ಅದೂ ಚೀಸ್ ಹಾಕಿ ಬೇಕ್ ಮಾಡುವ ಮ್ಯಾಕರೋನಿಯ ನೆಪದಲ್ಲಿ. ನಗಬೇಡಿ, ಕಾರಣವಿದೆ.

ಔರಾದಿನಲ್ಲಿರುವ ನಮ್ಮ ಅತ್ತೆಯವರಿಗೆ ಎಂಬತ್ತು ಸಮೀಪಿಸಿದೆ. ಹಲ್ಲು ಹೋಗಿ ಮೂರು ವರ್ಷ. ಚಳಿಗಾಲದಲ್ಲಿ ಜ್ವರ ಹಿಡಿದು ಎದ್ದ ಮೇಲೆ ಬಾಯಿರುಚಿಯೂ ಹೋಯಿತು. ಜೋಳದ ರೊಟ್ಟಿಯನ್ನು ಹಾಲಿನಲ್ಲಿ ನೆನೆಸಿ ಕೊಟ್ಟರೂ ಎರಡೇ ತುತ್ತು, ಆಮೇಲೆ ತಾಟು ಸರಿಸಿಬಿಡುವರು. ಬಳೆಗಳು ಮೊಣಕೈವರೆಗೆ ಜಾರತೊಡಗಿದವು. “ಹಾಲಿನ ಪದಾರ್ಥ, ಮೆತ್ತಗಿನದು, ಏನಾದರೂ ಸರಿ, ಹೊಟ್ಟೆಗೆ ಹೋಗಬೇಕು” ಅಂದರು ಡಾಕ್ಟರು. ಗಂಜಿ, ಅಂಬಲಿ, ಶಾವಿಗೆ ಪಾಯಸ ಎಲ್ಲಾ ಆಯಿತು. ಆಗ ಭಾಲ್ಕಿಯಲ್ಲಿರುವ ನಮ್ಮ ಅಕ್ಕನ ಮಗಳು ಫೋನಿನಲ್ಲಿ ಈ ಮ್ಯಾಕರೋನಿಯ ಮಾತು ತೆಗೆದಳು. ಹಾಲು, ಬೆಣ್ಣೆ, ಚೀಸ್, ಗೋಧಿ ಎಲ್ಲವೂ ಅದರಲ್ಲಿದೆ, ಅಗಿಯುವ ಕೆಲಸವೂ ಇಲ್ಲ ಎಂದಳು.

ಸಾಮಾನಿಗೆ ನಮ್ಮ ಬೀದರಿನ ಗಾಂಧಿಗಂಜ್ ಸಾಕು. ಹೈದರಾಬಾದು ಇಲ್ಲಿಂದ ಸುಮಾರು 140 ಕಿಲೋಮೀಟರು. ಅಲ್ಲಿ ಬಂದದ್ದು ಇಲ್ಲಿಗೂ ಬರುತ್ತದೆ. ಮ್ಯಾಕರೋನಿ ಪೊಟ್ಟಣದಲ್ಲೂ ಸಿಗುತ್ತದೆ, ಬಿಡಿಯಾಗಿಯೂ ಸಿಗುತ್ತದೆ. ಕೊಳ್ಳುವಾಗ ಒಂದು ಮಾತು ನೆನಪಿಡಿ. ಬಿಳಿ ಬಿಳಿಯಾಗಿ ಪುಡಿ ಉದುರುವುದು ಮೈದಾದ್ದು, ಕುದಿಸಿದರೆ ಅಂಟಾಗುತ್ತದೆ. ತುಸು ಹಳದಿಯಾಗಿ, ಗಾಜಿನಂತೆ ಟಕ್ಕೆಂದು ಮುರಿಯುವುದು ಗಟ್ಟಿ ಗೋಧಿಯ ರವೆಯದ್ದು, ಅದನ್ನೇ ತನ್ನಿ. ಚೀಸ್ ಎಂದರೆ ಪೆಟ್ಟಿಗೆಯ ಕ್ಯೂಬು, ಎಂಟು ಕ್ಯೂಬಿಗೆ 200 ಗ್ರಾಂ. ಪನೀರು ಇದಕ್ಕೆ ಬಾರದು. ಹಾಲು ಒಡೆದು ಮಾಡಿದ ಪನೀರನ್ನು ಎಷ್ಟು ಕಾಯಿಸಿದರೂ ಅದು ಕರಗುವುದಿಲ್ಲ, ತುಂಡು ತುಂಡಾಗಿಯೇ ನಿಲ್ಲುತ್ತದೆ.

ಇನ್ನು ಬೇಕ್ ಮಾಡುವುದೆಲ್ಲಿ? ಚೌಬಾರದ ಸುತ್ತಿನ ಹಳೇ ಪೇಟೆಯಲ್ಲಿ ತಂದೂರಿನ ಭಟ್ಟಿಗಳಿವೆ. ಆದರೆ ತಂದೂರಿನಲ್ಲಿ ನಾನನ್ನು ಗೋಡೆಗೆ ಬಡಿದು ಅಂಟಿಸುತ್ತಾರೆ, ತಾಟು ಇಡಲು ಜಾಗವೇ ಇಲ್ಲ. ನಮ್ಮ ಓಣಿಯ ತುದಿಯ ಬೇಕರಿಯವರು ಬಿಸ್ಕತ್ತು ತೆಗೆದ ಮೇಲೆ ಉಳಿಯುವ ಕಾವಿನಲ್ಲಿ ನನ್ನ ಸ್ಟೀಲ್ ಡಬ್ಬಿಯನ್ನು ಇಟ್ಟುಕೊಟ್ಟರು. ಇಪ್ಪತ್ತು ನಿಮಿಷದಲ್ಲಿ ಮೇಲೆ ಬಂಗಾರದ ಬಣ್ಣದ ಪದರು. ನಮ್ಮ ಮನೆಯವರು ಬಿಸಿ ಇರುವಾಗಲೇ ಅರ್ಧ ಡಬ್ಬಿ ಮುಗಿಸಿದರು. ಮೊದಲು “ಇದೇನು ಬಿಳೀ ಗಂಜಿ” ಅಂದವರೂ ಅವರೇ!

ಬೀದರಿನಿಂದ ಭಾಲ್ಕಿಗೆ ರೈಲಿನಲ್ಲಿ ಹೋಗುವುದೇ ಚೆನ್ನ. ಕೆಂಪು ಮುರುಮಿನ ದಿನ್ನೆಯಿಂದ ಇಳಿದು, ಹಲಬರ್ಗಾ ದಾಟುವಷ್ಟರಲ್ಲಿ ನೆಲ ಕಪ್ಪಾಗುತ್ತದೆ. ಕಡಲೆ, ತೊಗರಿ, ಜೋಳ. ಹೊಲದ ಬದುವಿನಲ್ಲಿ ಬಿಳೀ ಮೈ, ಕಪ್ಪು ಮೋರೆಯ ದೇವಣಿ ದನಗಳು ಕಂಡರೆ ಎಣಿಸಿಕೊಳ್ಳಿ. ನಿಜಾಮರ ಆಳ್ವಿಕೆಯಲ್ಲಿ ಹೊರಗೆ ಉರ್ದು ಬೋರ್ಡು ಹಾಕಿ ಒಳಗೆ ಮಕ್ಕಳಿಗೆ ಕನ್ನಡ ಕಲಿಸಿದ ಚನ್ನಬಸವ ಪಟ್ಟದ್ದೇವರ ಊರು ಇದು.

ಅಕ್ಕನ ಮನೆಯಲ್ಲಿ ಇಷ್ಟಲಿಂಗ ಪೂಜೆಯಾಗದೆ ಒಲೆ ಹೊತ್ತುವುದಿಲ್ಲ. ಚೀಸ್ ಪೆಟ್ಟಿಗೆ ನೋಡುತ್ತಲೇ ಭಾವನವರು, “ಇದಕ್ಕ ಕರುವಿನ ಹೊಟ್ಟಿಂದ ತೆಗೆದದ್ದು ಹಾಕ್ತಾರಂತಲ್ಲ?” ಎಂದು ಕೇಳಿದರು. ನ್ಯಾಯವಾದ ಪ್ರಶ್ನೆಯೇ. ಹಾಲನ್ನು ಹೆಪ್ಪುಗಟ್ಟಿಸಲು ಕರುವಿನ ಜಠರದ ರೆನೆಟ್ ಬಳಸುವ ಪದ್ಧತಿ ಬಹಳ ಹಳೆಯದು, ಹೊರದೇಶದ ಎಷ್ಟೋ ಚೀಸಿನಲ್ಲಿ ಇಂದಿಗೂ ಇದೆ. ಸೂಕ್ಷ್ಮಜೀವಿಗಳಿಂದ ತಯಾರಿಸಿದ ರೆನೆಟ್ಟೂ ಇದೆ, ನಮ್ಮ ದೇಶದ ಸಸ್ಯಾಹಾರಿ ಚೀಸಿಗೆ ಅಂಥದ್ದನ್ನೇ ಬಳಸುತ್ತಾರೆ. ಪೆಟ್ಟಿಗೆಯ ಮೇಲಿನ ಹಸಿರು ಚುಕ್ಕೆ ತೋರಿಸಿ ಓದಿ ಹೇಳಿದ ಮೇಲೆಯೇ ಅದು ಅಡಿಗೆಮನೆಗೆ ಹೋಯಿತು. ನಿಮ್ಮ ಮನೆಯಲ್ಲೂ ಹಿರಿಯರು ಕೇಳಿದರೆ ಬೇಸರಿಸದೆ ತೋರಿಸಿ.

ಅಕ್ಕನ ಮಗಳು ಮಾಡಿದ ಕ್ರಮ ಹೀಗೆ. 200 ಗ್ರಾಂ ಮ್ಯಾಕರೋನಿಯನ್ನು ಧಾರಾಳ ನೀರಿನಲ್ಲಿ ಉಪ್ಪು ಹಾಕಿ ಕುದಿಸಿ ಬಸಿದಿಟ್ಟಳು. ಎರಡು ದೊಡ್ಡ ಚಮಚ ಬೆಣ್ಣೆ ಕರಗಿಸಿ ಅಷ್ಟೇ ಮೈದಾ ಹಾಕಿ, ಸಣ್ಣ ಉರಿಯಲ್ಲಿ ಹಸಿವಾಸನೆ ಹೋಗುವವರೆಗೆ ಹುರಿದಳು, ಕೆಂಪಾಗಬಾರದು. ಅರ್ಧ ಲೀಟರು ಹಾಲನ್ನು ಸ್ವಲ್ಪ ಸ್ವಲ್ಪವೇ ಸುರಿಯುತ್ತಾ ಕೈ ಬಿಡದೆ ತಿರುವಿದಳು. ಗಂಟು ಕಟ್ಟುವುದು ಹಾಲನ್ನು ಒಮ್ಮೆಲೇ ಸುರಿದಾಗ. ಸೌಟಿನ ಬೆನ್ನಿಗೆ ಹತ್ತುವಷ್ಟು ಗಟ್ಟಿಯಾದಾಗ ಒಲೆಯಿಂದ ಇಳಿಸಿ ಐದು ಕ್ಯೂಬು ಚೀಸ್ ತುರಿದು ಹಾಕಿ, ಮೆಣಸಿನ ಪುಡಿ ಉದುರಿಸಿ, ಮ್ಯಾಕರೋನಿ ಬೆರೆಸಿದಳು. ಚೀಸಿನಲ್ಲೇ ಉಪ್ಪಿರುತ್ತದೆ, ಮತ್ತೆ ಹಾಕುವ ಮೊದಲು ರುಚಿ ನೋಡಿ. ರಕ್ತದೊತ್ತಡ ಇರುವವರಿಗಾದರೆ ಚೀಸನ್ನು ಅರ್ಧ ಮಾಡಿ.

ಓವನ್ ಬದಲು ಹಳೆಯ ಕುಕ್ಕರು. ದಿನಬಳಕೆಯ ಒಳ್ಳೇ ಕುಕ್ಕರನ್ನು ಒಣಗಾವಿನಲ್ಲಿ ಕೆಡಿಸಬೇಡಿ. ತಳದಲ್ಲಿ ಎರಡಂಗುಲ ಕಲ್ಲುಪ್ಪು, ಅದರ ಮೇಲೊಂದು ಸಿಂಬಿ. ಮುಚ್ಚಳದ ರಬ್ಬರು ಮತ್ತು ಸೀಟಿ ತೆಗೆದುಬಿಡಿ. ಹತ್ತು ನಿಮಿಷ ಕಾದ ಮೇಲೆ ಡಬ್ಬಿ ಇಟ್ಟು ಸಣ್ಣ ಉರಿಯಲ್ಲಿ ಅರ್ಧ ಗಂಟೆ. ಆ ಉಪ್ಪು ಅಡಿಗೆಗೆ ಬೇಡ, ಆದರೆ ಮುಂದಿನ ಸಲ ಮತ್ತೆ ಇದೇ ಕೆಲಸಕ್ಕೆ ಬರುತ್ತದೆ. ಒಂದೇ ಕೊರತೆ, ಮೇಲ್ಭಾಗ ಕೆಂಪಾಗುವುದಿಲ್ಲ. ರುಚಿಗೇನೂ ಕಡಿಮೆಯಿಲ್ಲ ಅನ್ನಿ.

ಆ ಕೊರತೆ ನೀಗಿದ್ದು ಔರಾದಿನಲ್ಲಿ. ಅಲ್ಲಿಗೆ ರೈಲಿಲ್ಲ, ಬಸ್ಸಿನಲ್ಲೇ ಹೋಗಬೇಕು. ಊರಿನ ಅಮರೇಶ್ವರ ಗುಡಿಗೆ ಕೈಮುಗಿದು ಮನೆ ಸೇರಿದೆ. ಗ್ಯಾಸು ಇದೆ, ಆದರೆ ಹಿತ್ತಲಿನ ಮಣ್ಣಿನ ಒಲೆ ಇನ್ನೂ ಆರಿಲ್ಲ. ದಪ್ಪ ತಳದ ಪಾತ್ರೆಯಲ್ಲಿ ಡಬ್ಬಿ ಇಟ್ಟು, ಮೇಲೆ ಕಬ್ಬಿಣದ ತಾಟು ಮುಚ್ಚಿ, ತಾಟಿನ ಮೇಲೆ ಕೆಂಡ ಸುರಿದೆವು. ತೊಗರಿ ಕಟ್ಟಿಗೆಯ ಕೆಂಡ ಬೇಗ ಬೂದಿಯಾಗುತ್ತದೆ, ಜಾಲಿಯದ್ದು ನಿಲ್ಲುತ್ತದೆ. ಹದಿನೈದು ನಿಮಿಷಕ್ಕೆ ಬೇಕರಿಯದನ್ನೂ ಮೀರಿಸುವ ಕೆಂಪು ಪದರು! ಅತ್ತೆಯವರ ಪಾಲನ್ನು ಮಾತ್ರ ಪದರಿಲ್ಲದೆ ಒಳಗಿನಿಂದ ತೆಗೆದೆ. ಅವರದಕ್ಕೆಂದೇ ಮ್ಯಾಕರೋನಿಯನ್ನು ಮೂರು ನಿಮಿಷ ಹೆಚ್ಚು ಕುದಿಸಿದ್ದೆ.

ಮೊದಲ ಚಮಚ ಬಾಯಲ್ಲಿಟ್ಟುಕೊಂಡು ಬಹಳ ಹೊತ್ತು ಸುಮ್ಮನಿದ್ದರು. ನಾನು ತಾಟಿನ ಕಡೆಗೇ ನೋಡುತ್ತಿದ್ದೆ. ಸರಿಸಲಿಲ್ಲ. ಎರಡನೆಯದು, ಮೂರನೆಯದು. ಆಮೇಲೆ ಒಂದನ್ನು ಬೆರಳಲ್ಲಿ ಎತ್ತಿ ಬೆಳಕಿಗೆ ಹಿಡಿದು, “ಇದು ಯಾರು ಹೊಸದಾರ? ತೂತು ಹ್ಯಾಂಗ ಹಾಕ್ಯಾರ?” ಅಂದರು.

“ಮಷೀನ್ ಮಾಡ್ತದ್ರಿ ಅತ್ತಿ.”

“ಹಂಗಾರ ಇದೇನು ಹೊಸಾದು? ನಮ್ಮ ಗವಲಿಗೆ ತೂತು ಹಾಕ್ಯಾರ, ಅಷ್ಟೇ.”

ಅವರು ಹೇಳಿದ್ದು ಖರೆ. ಬೇಸಿಗೆ ಬಂದರೆ ಓಣಿಯ ಹೆಂಗಸರೆಲ್ಲ ಒಂದೇ ಮನೆಯಲ್ಲಿ ಸೇರಿ ಶಾವಿಗೆ, ಗವಲಿ, ಸವತಿಬೀಜ ಹೊಸೆಯುತ್ತಿದ್ದ ಕಾಲವನ್ನು ನಿಮ್ಮಲ್ಲೂ ಅನೇಕರು ಕಂಡಿರಬೇಕು. ಅವೂ ಗಟ್ಟಿ ಗೋಧಿಯ ಸಣ್ಣ ರವೆಯದ್ದೇ, ನೆರಳಲ್ಲಿ ಒಣಗಿಸಿಟ್ಟರೆ ವರ್ಷ ಬಾಳುವಂಥವೇ. ಇಟಲಿಯ ಬಾರಿ ಎಂಬ ಊರಿನ ಹಳೇ ಓಣಿಯಲ್ಲಿ ಹೆಂಗಸರು ಇಂದಿಗೂ ಬಾಗಿಲ ಮುಂದೆ ಕುಳಿತು ಕಿವಿಯಾಕಾರದ ಪಾಸ್ತಾ ಮಾಡುತ್ತಾರಂತೆ. ನೋಡಲು ಪ್ರವಾಸಿಗರು ಹೋಗುತ್ತಾರೆ. ನಮ್ಮ ಓಣಿಯಲ್ಲಿ ಹೊಸೆಯುವ ಮಣೆ ಅಟ್ಟ ಸೇರಿ ಎಷ್ಟೋ ವರ್ಷವಾಯಿತು.

ಮರುದಿನ ಅತ್ತೆಯವರೇ ರವೆ ಕಲಸಲು ಹೇಳಿದರು. ಹಾಲು ಚಿಮುಕಿಸಿ, ಗಟ್ಟಿಯಾಗಿ ನಾದಿ, ಒದ್ದೆ ಬಟ್ಟೆ ಮುಚ್ಚಿ ಒಂದು ತಾಸು. ಅವರ ಕೈ ನಡುಗುತ್ತದೆ. ಆದರೆ ಹಿಟ್ಟು ಬೆರಳಿಗೆ ಬಂದ ಕೂಡಲೇ ಹೆಬ್ಬೆಟ್ಟು ತಾನಾಗಿ ತಿರುಗಿತು. ಒಂದೊಂದು ಗವಲಿಯೂ ಜೀರಿಗೆಯಷ್ಟು, ತುದಿ ಎರಡೂ ಚೂಪು. ನನ್ನ ಮೈದುನನ ಮಗಳು ಪಕ್ಕದಲ್ಲಿ ಕುಳಿತು ಹತ್ತು ಹೊಸೆದರೆ ಎಂಟನ್ನು ಅತ್ತೆ ತಿರುಗಿ ಹಿಟ್ಟಿಗೆ ಸೇರಿಸುವರು. ಸಂಜೆಗೆ ಒಂದು ಬಟ್ಟಲು ಆಯಿತು. ಅದನ್ನೇ ಕುದಿಸಿ, ಅದೇ ಬಿಳೀ ಸಾರು, ಚೀಸ್ ಹಾಕಿ ಕೆಂಡದಡಿ ಇಟ್ಟೆವು. ಹಸಿ ಗವಲಿ ನಾಲ್ಕೇ ನಿಮಿಷದಲ್ಲಿ ಬೇಯುತ್ತದೆ, ಒಣಗಿದ್ದಾದರೆ ಎಂಟು ಹತ್ತು ನಿಮಿಷ ಬೇಕು. ಹಾಲನ್ನೂ ಒಂದು ಬಟ್ಟಲು ಹೆಚ್ಚು ಹಾಕಿ, ಸಣ್ಣ ಕಾಳಾದ್ದರಿಂದ ಬಹಳ ಹೀರಿಕೊಳ್ಳುತ್ತದೆ.

ಅತ್ತೆ ಪೂರಾ ಬಟ್ಟಲು ತಿಂದರು. “ಖಾರ ಇಲ್ಲ ಇದರಾಗ” ಎಂದು ಗುರೆಳ್ಳಿನ ಹಿಂಡಿ ಕೇಳಿ ಮೇಲೆ ಉದುರಿಸಿಕೊಂಡರು. ನಾನೂ ಹಾಕಿಕೊಂಡು ನೋಡಿದೆ, ಚೀಸಿಗೆ ಗುರೆಳ್ಳು ಬಹಳ ಹೊಂದುತ್ತದೆ. ಒಂದು ಡಬ್ಬಿಗೆ ಎರಡು ಚಮಚ ಸಾಕು, ಬೇಕ್ ಆದ ಮೇಲೆಯೇ ಹಾಕಿ. ಮೊದಲೇ ಹಾಕಿದರೆ ಸೀದು ಕಹಿಯಾಗುತ್ತದೆ.